ಶಾಲಾ ಮುಖ್ಯಸ್ಥರ ಧರ್ಮಸಂಕಟ
(ಶಾಖಾಮಠದ ಸಭೆಯಲ್ಲಿ ಮಾಡಿದ ಉಪನ್ಯಾಸದ ಪಾಠ)



ಅಧ್ಯಾಪಕರನ್ನು ಪೂಜ್ಯಭಾವದಿಂದ ಕಾಣುವ ಮನೆತನಗಳಿಂದ ಬಂದವರು ನಾವು. ಆದ್ದರಿಂದಲೇ ಅಧ್ಯಾಪಕನೊಬ್ಬ ತಪ್ಪಿ ನಡೆದನೆಂಬ ಸುದ್ದಿ ಕೇಳಲೂ ನಮಗೆ ಸಂಕೋಚ. ಗುಜರಾತಿನಲ್ಲಿ ಅನೇಕ ವರ್ಷ ಪ್ರಾಚಾರ್ಯನಾಗಿದ್ದ ನನಗೆ ಈ ಸಂಕೋಚದ ಬೆಲೆ ಸ್ವಾನುಭವದಿಂದ ತಿಳಿದಿದೆ.

ಸಣ್ಣ ತಪ್ಪುಗಳ ಮಾತು ಬೇರೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಅಧ್ಯಾಪಕರು ಖಾಸಗಿ ಪಾಠ ಹೇಳುವುದನ್ನು ನಿಷೇಧಿಸಿದೆ. ಅಂಥವರನ್ನು ಕರೆದು ಬುದ್ಧಿ ಹೇಳಬಹುದು. (ಅವರ ಸಂಬಳವೆಷ್ಟೆಂದು ಬಲ್ಲ ಪ್ರಾಚಾರ್ಯನಿಗೆ ಗದರಲು ನಾಲಿಗೆ ಏಳದೆಂಬುದೂ ನಿಜ.)

ಮಗುವಿನ ಮೇಲಣ ಲೈಂಗಿಕ ದೌರ್ಜನ್ಯದಲ್ಲಿ ಮಾತ್ರ ಸ್ವಂತ ವಿವೇಚನೆಗೆ ಎಡೆಯೇ ಇಲ್ಲ. ಪಾಟಣದ ಅಧ್ಯಾಪಕ ತರಬೇತಿ ಕಾಲೇಜಿನ ವಿದ್ಯಾರ್ಥಿನಿಯ ಮೇಲಿನ ಅತ್ಯಾಚಾರಕ್ಕಾಗಿ 2009ರಲ್ಲಿ ಆರು ಅಧ್ಯಾಪಕರಿಗೆ ಜೀವಾವಧಿ ಶಿಕ್ಷೆಯಾದದ್ದು ಇಲ್ಲಿಯ ಹಿರಿಯರಿಗೆ ನೆನಪಿರಬಹುದು. 2012ರ ಪೋಕ್ಸೋ ಕಾಯ್ದೆಯ 19ನೆಯ ಕಲಮಿನಂತೆ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಅಧೀನ ನೌಕರನ ಕೃತ್ಯವನ್ನು ವರದಿ ಮಾಡದ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ ಸೆರೆವಾಸ ಮತ್ತು ದಂಡವುಂಟು.

ಆದರೆ ಆರೋಪ ಬಂದಾಕ್ಷಣ ಅಧ್ಯಾಪಕ ಅಪರಾಧಿಯಲ್ಲ. ಅವನನ್ನು ವಜಾ ಮಾಡುವ ಮೊದಲು ಸಮಜಾಯಿಷಿಗೆ ಅವಕಾಶ ಕೊಡಬೇಕೆಂಬುದು ನ್ಯಾಯವೇ ಸರಿ; 1972ರ ಗುಜರಾತ್ ಮಾಧ್ಯಮಿಕ ಶಿಕ್ಷಣ ಕಾಯ್ದೆಯೂ ಇದನ್ನೇ ವಿಧಿಸಿತು. ವಿಚಾರಣೆಗೆ ತಿಂಗಳುಗಳು ಹಿಡಿಯುತ್ತವೆ, ಶಾಲೆಯ ಹೆಸರು ಬೀದಿಗೆ ಬರುತ್ತದೆ. ರಾಜೀನಾಮೆ ಪಡೆದು ಕೈತೊಳೆದುಕೊಳ್ಳುವ ಆಸೆ ಹುಟ್ಟುವುದು ಆಗಲೇ.

ನಾನೂ ಆ ಆಸೆಗೆ ಒಳಗಾದವನೇ. 2009ರ ಕಾಯ್ದೆ ಬರುವ ಮೊದಲಿನ ಮಾತು. ನಮ್ಮ ಗಣಿತದ ಅಧ್ಯಾಪಕರೊಬ್ಬರ ಬಲದಿಂದಲೇ ಹತ್ತನೆಯ ತರಗತಿಯ ಫಲಿತಾಂಶ ನಿಂತಿತ್ತು. ಒಂದು ದಿನ ಅವರು ಏಳನೆಯ ತರಗತಿಯ ಹುಡುಗನ ಕಪಾಳಕ್ಕೆ ಹೊಡೆದರು. ಕಿವಿಯ ತಮಟೆ ಹರಿಯಿತು. ಹುಡುಗನ ತಂದೆ ದೂರು ಕೊಡಲಿಲ್ಲ. "ಗುರುಗಳ ಪೆಟ್ಟು ಆಶೀರ್ವಾದವೇ ಅಲ್ಲವೇ?" ಎಂದು ಕೈಮುಗಿದರು. ಆ ಮುಗ್ಧ ಮಾತು ನನಗೆ ಅನುಕೂಲವಾಯಿತು. ಆಡಳಿತ ಮಂಡಳಿ ರಾಜೀನಾಮೆ ಪಡೆಯಿತು. ಅನುಭವ ಪತ್ರದಲ್ಲಿ 'ನಡತೆ ಉತ್ತಮ' ಎಂದು ಬರೆದು ಸಹಿ ಹಾಕಿದವನು ನಾನು. ಅವರ ಮನೆಯಲ್ಲಿ ವೃದ್ಧ ತಾಯಿ, ಇಬ್ಬರು ಹೆಣ್ಣುಮಕ್ಕಳು. ನಾನು ಮಾಡಿದ್ದನ್ನು ಕರುಣೆಯೆಂದೇ ಭಾವಿಸಿದ್ದೆ.

ವರ್ಷ ತುಂಬುವುದರೊಳಗೆ ಬೇರೊಂದು ಊರಿನ ಪ್ರಾಚಾರ್ಯರು ದೂರವಾಣಿ ಮಾಡಿದರು. "ನಿಮ್ಮ ಪತ್ರವನ್ನು ನಂಬಿ ಇವರನ್ನು ನೇಮಿಸಿಕೊಂಡೆವು. ಮೊದಲೂ ಇಂಥದೇನಾದರೂ ಆಗಿತ್ತೇ?" ಅಲ್ಲಿ ಕೈ ಮುರಿದಿದ್ದ ಮಗುವಿಗೆ ಎಂಟು ವರ್ಷ.

ನಡೆದುದನ್ನೆಲ್ಲ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಅಂದಿನಿಂದ ನಿವೃತ್ತನಾಗುವವರೆಗೆ, ಆರೋಪ ಇತ್ಯರ್ಥವಾಗದೆ ಹೊರಟವರ ಪತ್ರದಲ್ಲಿ ಸೇವೆಯ ಅವಧಿ, ಬೋಧಿಸಿದ ವಿಷಯ, ಇಷ್ಟನ್ನೇ ಬರೆದೆ. ನಡತೆಯ ಸಾಲನ್ನು ಖಾಲಿ ಬಿಟ್ಟೆ. ವಿಚಾರಿಸಿದ ಶಾಲೆಗಳಿಗೆ ಕಡತದಲ್ಲಿದ್ದುದನ್ನು ಇದ್ದಂತೆಯೇ ತಿಳಿಸಿದೆ.