ಎರಡನೆಯ ಸಲ ಬರುವ ಹಾಡು

ಮಕ್ಕಳಿಗೆಂದೇ ತೆಗೆದ ಸಿನಿಮಾಗಳಿಗೆ ಕೊರತೆಯಿಲ್ಲ, ದೊಡ್ಡವರಿಗೆಂದೇ ತೆಗೆದವಕ್ಕೂ ಕೊರತೆಯಿಲ್ಲ. ಅಜ್ಜಿಯಿಂದ ಮೊಮ್ಮಗಳವರೆಗೆ ಮನೆಮಂದಿಯೆಲ್ಲ ಒಟ್ಟಿಗೆ ಕೂತು, ನಡುವೆ ಯಾರೂ ಎದ್ದುಹೋಗದೆ ನೋಡುವ ಸಿನಿಮಾ ಮಾತ್ರ ಅಪರೂಪ. 1965ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನಲ್ಲಿ ತೆರೆಕಂಡ 'ದಿ ಸೌಂಡ್ ಆಫ್ ಮ್ಯೂಸಿಕ್' ಅಂಥದ್ದೊಂದು. ಅರವತ್ತು ವರ್ಷ ಕಳೆದರೂ ಅದು ಹಳತಾಗಿಲ್ಲ. ಏಕೆ ಎಂಬುದೇ ಈ ಹೊತ್ತಿನ ಮಾತು.

ಕಥೆ ಬಹಳ ಜನಕ್ಕೆ ಗೊತ್ತು. ಆಸ್ಟ್ರಿಯಾ ದೇಶದ ಸಾಲ್ಜ್‌ಬರ್ಗ್ ಊರು. ಮಾರಿಯಾ ಎಂಬ ಹುಡುಗಿ ಸನ್ಯಾಸಿನಿಯಾಗಲು ಕಾನ್ವೆಂಟ್ ಸೇರಿದ್ದಾಳೆ. ಆದರೆ ಅಲ್ಲಿಯ ಶಿಸ್ತು ಅವಳಿಗೆ ಒಗ್ಗುತ್ತಿಲ್ಲ. ಕಾನ್ವೆಂಟಿನ ಮುಖ್ಯಸ್ಥೆ ಮದರ್ ಆಕೆಯನ್ನು ಕ್ಯಾಪ್ಟನ್ ಫಾನ್ ಟ್ರ್ಯಾಪ್ ಎಂಬ ನಿವೃತ್ತ ನೌಕಾಧಿಕಾರಿಯ ಮನೆಗೆ ಮಕ್ಕಳನ್ನು ನೋಡಿಕೊಳ್ಳಲು ಕಳಿಸುತ್ತಾರೆ. ಅವನ ಹೆಂಡತಿ ತೀರಿಕೊಂಡಿದ್ದಾಳೆ, ಏಳು ಮಕ್ಕಳಿದ್ದಾರೆ. ಅಪ್ಪ ಅವರನ್ನು ಕರೆಯುವುದು ಹೆಸರು ಹಿಡಿದಲ್ಲ, ಸೀಟಿ ಊದಿ. ಆ ಮನೆಯಲ್ಲಿ ಹಾಡು ನಿಂತುಹೋಗಿದೆ. ಮಾರಿಯಾ ಮಕ್ಕಳಿಗೆ ಹಾಡು ಕಲಿಸುತ್ತಾಳೆ. ಅಪ್ಪನ ಮನಸ್ಸು ಕರಗುತ್ತದೆ, ಮದುವೆಯಾಗುತ್ತದೆ. ಅಷ್ಟರಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗುತ್ತಾನೆ. ಜರ್ಮನ್ ನೌಕಾಪಡೆ ಸೇರೆಂದು ಕ್ಯಾಪ್ಟನ್‌ಗೆ ಆಜ್ಞೆ ಬರುತ್ತದೆ. ಇಡೀ ಕುಟುಂಬ ಬೆಟ್ಟ ಹತ್ತಿ ದೇಶ ಬಿಡುತ್ತದೆ.

ಬಿಡುಗಡೆಯಾದಾಗ ವಿಮರ್ಶಕರಿಗೆ ಇದು ಹಿಡಿಸಲಿಲ್ಲ. ಬರೀ ಸಕ್ಕರೆ ಪಾಕ ಎಂದು ಪೌಲಿನ್ ಕೇಲ್‌ರಂಥವರು ಕಟುವಾಗಿಯೇ ಬರೆದರು. ಜನ ಕೇಳಲಿಲ್ಲ. ಗಳಿಕೆಯಲ್ಲಿ ಅದು 'ಗಾನ್ ವಿತ್ ದಿ ವಿಂಡ್' ದಾಖಲೆಯನ್ನೇ ಮುರಿಯಿತು. ಅತ್ಯುತ್ತಮ ಚಿತ್ರ, ಅತ್ಯುತ್ತಮ ನಿರ್ದೇಶನ ಸೇರಿ ಐದು ಆಸ್ಕರ್ ಬಂದವು. 'ಕ್ಲಿಯೋಪಾತ್ರ' ತೆಗೆದು ನಷ್ಟದಲ್ಲಿ ಮುಳುಗಿದ್ದ, ಈ ಚಿತ್ರದ ನಿರ್ಮಾಪಕ ಫಾಕ್ಸ್ ಕಂಪನಿ ಮತ್ತೆ ತಲೆಯೆತ್ತಿತು.

ಕಾರಣ ಕೇಳಿದರೆ ಎಲ್ಲರೂ ಹೇಳುವುದು ಮೂರು: ಆಲ್ಪ್ಸ್ ಬೆಟ್ಟಗಳ ಚೆಲುವು, ಮಾರಿಯಾ ಪಾತ್ರದ ಜೂಲಿ ಆಂಡ್ರೂಸ್ ಅವರ ಕಂಠ, ಮುದ್ದು ಮಕ್ಕಳು. ಸುಳ್ಳಲ್ಲ. ಆದರೆ ಇದೇ ಕಂಪನಿ, ಇದೇ ನಿರ್ದೇಶಕ ರಾಬರ್ಟ್ ವೈಸ್, ಇದೇ ಜೂಲಿ ಆಂಡ್ರೂಸ್ ಸೇರಿ 1968ರಲ್ಲಿ 'ಸ್ಟಾರ್!' ಎಂಬ ಇನ್ನೊಂದು ಭಾರೀ ಸಂಗೀತಚಿತ್ರ ತೆಗೆದರು. ಅದು ನೆಲಕಚ್ಚಿತು. ಹಾಗಾದರೆ ದೊಡ್ಡ ಹೆಸರು, ದೊಡ್ಡ ಹಣ ಇದ್ದರೆ ಸಾಲದು. ಗುಟ್ಟು ಇರುವುದು ಹಾಡುಗಳನ್ನು ಜೋಡಿಸಿದ ರೀತಿಯಲ್ಲಿ.

'ದಿ ಸೌಂಡ್ ಆಫ್ ಮ್ಯೂಸಿಕ್' ಮೊದಲು ರಂಗದ ಮೇಲಿನ ಸಂಗೀತ ನಾಟಕ. 1959ರಲ್ಲಿ ಬ್ರಾಡ್‌ವೇಯಲ್ಲಿ ಆಡಿದ್ದು. ಸಂಗೀತ ರಿಚರ್ಡ್ ರಾಜರ್ಸ್ ಅವರದು, ಸಾಹಿತ್ಯ ಆಸ್ಕರ್ ಹ್ಯಾಮರ್‌ಸ್ಟೈನ್ ಅವರದು. ಹಾಡು ಬಂದಾಗ ಕಥೆ ನಿಲ್ಲಬಾರದು, ಹಾಡಿನಲ್ಲೇ ಮುಂದೆ ಸಾಗಬೇಕು ಎಂಬುದು ಈ ಜೋಡಿಯ ಪಟ್ಟು.

'ಡೊ ರೆ ಮಿ' ಹಾಡನ್ನೇ ತೆಗೆದುಕೊಳ್ಳಿ. ಸಂಗೀತ ಕಲಿತವರು ಒಮ್ಮೆ ಗಮನಿಸಿ ಕೇಳಬೇಕು. ಮೊದಲ ಸಾಲು ಷಡ್ಜದಿಂದ ಹೊರಡುತ್ತದೆ, ಎರಡನೆಯದು ರಿಷಭದಿಂದ, ಮೂರನೆಯದು ಗಾಂಧಾರದಿಂದ. ಹೀಗೆ ಪ್ರತಿ ಸಾಲೂ ಒಂದೊಂದು ಮೆಟ್ಟಿಲು ಮೇಲಿನ ಸ್ವರ ಹಿಡಿಯುತ್ತಾ ನಿಷಾದ ಮುಟ್ಟಿ ಮೇಲಿನ ಷಡ್ಜ ಸೇರುತ್ತದೆ. ಆಮೇಲೆ ಮಾರಿಯಾ ಸ್ವರಗಳನ್ನು ಹಿಂದುಮುಂದಾಗಿ ಬೆರೆಸಿ ಮಕ್ಕಳಿಂದ ಹಾಡಿಸುತ್ತಾಳೆ. ಸರಳೆ, ಜಂಟಿ ವರಸೆ ಹಾಡಿದವರಿಗೆ ಈ ಪಾಠಕ್ರಮ ಹೊಸದಲ್ಲ. ಪಾಠ ಶುರುವಾಗುವುದು ಬೆಟ್ಟದ ಹುಲ್ಲುಗಾವಲಿನಲ್ಲಿ, ಮುಗಿಯುವುದು ಊರೊಳಗಿನ ಮಿರಾಬೆಲ್ ತೋಟದ ಮೆಟ್ಟಿಲ ಮೇಲೆ. ನಡುವೆ ಎಷ್ಟೋ ದಿನ ಕಳೆದಿವೆ, ಮಕ್ಕಳು ಗಾಯಕರಾಗಿದ್ದಾರೆ. ನಿರ್ದೇಶಕರಾಗುವ ಮೊದಲು ರಾಬರ್ಟ್ ವೈಸ್ ಸಂಕಲನಕಾರರಾಗಿದ್ದವರು. ಆರ್ಸನ್ ವೆಲ್ಸ್‌ರ 'ಸಿಟಿಜನ್ ಕೇನ್' ಸಂಕಲಿಸಿದವರು ಅವರೇ. ಒಂದು ಹಾಡಿನೊಳಗೆ ಕಾಲವನ್ನು ಹೀಗೆ ದಾಟಿಸುವುದು ಅಂಥ ಕೈಗೆ ಒಲಿದ ವಿದ್ಯೆ.

ಗಮನಿಸಿ, ಮಕ್ಕಳ ಜೊತೆ ನಾವೂ ಆ ಹಾಡು ಕಲಿತಿರುತ್ತೇವೆ. ಇನ್ನು ಮೇಲೆ ಈ ಚಿತ್ರ ನಮ್ಮನ್ನು ಬಳಸಿಕೊಳ್ಳುವುದು ಆ ಕಲಿಕೆಯ ಮೂಲಕವೇ. ಏಕೆಂದರೆ ಇಲ್ಲಿಯ ಮುಖ್ಯ ಹಾಡುಗಳೆಲ್ಲ ಎರಡನೆಯ ಸಲ ಬರುತ್ತವೆ. ಬರುವಾಗ ಸನ್ನಿವೇಶ ಬದಲಾಗಿರುತ್ತದೆ.

ಈ ಹುಡುಗಿಯನ್ನು ಏನು ಮಾಡುವುದಪ್ಪಾ ಎಂದು ಸನ್ಯಾಸಿನಿಯರು ಆರಂಭದಲ್ಲಿ ದೂರುವ ಹಾಡು ಅವಳ ಮದುವೆಯ ಮೆರವಣಿಗೆಯಲ್ಲಿ ಗಂಭೀರವಾಗಿ ಮೊಳಗುತ್ತದೆ. ಗುಡುಗಿಗೆ ಹೆದರಿ ಹಾಸಿಗೆಗೆ ಓಡಿಬಂದ ಮಕ್ಕಳಿಗೆ ಮಾರಿಯಾ ತನ್ನ ಮೆಚ್ಚಿನ ವಸ್ತುಗಳ ಹಾಡು ಹೇಳುತ್ತಾಳೆ. ನಾಟಕದಲ್ಲಿ ಅದು ಕಾನ್ವೆಂಟಿನಲ್ಲಿ ಮದರ್ ಜೊತೆ ಹಾಡುವ ಹಾಡು. ಚಿತ್ರಕಥೆ ಬರೆದ ಅರ್ನೆಸ್ಟ್ ಲೇಮನ್ ಅದನ್ನು ಮಳೆಯ ರಾತ್ರಿಗೆ ತಂದಿಟ್ಟರು. ಆ ಬದಲಾವಣೆಯ ಫಲ ಮುಂದೆ ಸಿಗುತ್ತದೆ. ಮಾರಿಯಾ ಮನೆ ಬಿಟ್ಟುಹೋದಾಗ ಮಕ್ಕಳು ಅದೇ ಹಾಡನ್ನು ಹಾಡಲು ನೋಡುತ್ತಾರೆ, ದನಿಯೇ ಏಳುವುದಿಲ್ಲ. ಆಗ ದೂರದಿಂದ ಅವಳ ಸ್ವರ ಬಂದು ಸೇರುತ್ತದೆ.

ಅಪ್ಪನ ಕಥೆಯೂ ಹೀಗೆಯೇ. ಕ್ಯಾಪ್ಟನ್ ಆಗಷ್ಟೇ ಮಾರಿಯಾಳನ್ನು ಕೆಲಸದಿಂದ ತೆಗೆದಿದ್ದಾನೆ. ಒಳಗಿನಿಂದ ಮಕ್ಕಳ ಹಾಡು ಕೇಳಿಸುತ್ತದೆ. ಅದು ಚಿತ್ರದ ಆರಂಭದಲ್ಲಿ ಮಾರಿಯಾ ಬೆಟ್ಟದ ಮೇಲೆ ಹಾಡಿದ್ದು. ಅವನು ಬಾಗಿಲಲ್ಲಿ ನಿಲ್ಲುತ್ತಾನೆ, ಮೆಲ್ಲನೆ ತಾನೂ ದನಿಗೂಡಿಸುತ್ತಾನೆ. ಕ್ಷಮೆ, ಪಶ್ಚಾತ್ತಾಪ, ಮಕ್ಕಳ ಮೇಲಿನ ಪ್ರೀತಿ ಎಲ್ಲವನ್ನೂ ಆ ಹಾಡೇ ಹೇಳಿ ಮುಗಿಸುತ್ತದೆ. ಅಂದಹಾಗೆ ಕ್ಯಾಪ್ಟನ್ ಪಾತ್ರದ ಕ್ರಿಸ್ಟೋಫರ್ ಪ್ಲಮ್ಮರ್ ಅವರಿಗೆ ಇಲ್ಲಿ ಹಾಡಿದ್ದು ಬಿಲ್ ಲೀ ಎಂಬ ಗಾಯಕ. ಹಿನ್ನೆಲೆ ಗಾಯನ ನಮ್ಮಲ್ಲಿ ಮಾತ್ರ ಇರುವುದಲ್ಲ.

ಎಲ್ಲಕ್ಕಿಂತ ದೊಡ್ಡ ಮರುಕಳಿಕೆ 'ಎಡಲ್‌ವೈಸ್' ಹಾಡಿನದು. ಆಲ್ಪ್ಸ್‌ನ ಪುಟ್ಟ ಬಿಳಿ ಹೂವಿನ ಹಾಡು ಅದು. ಮೊದಲು ಕ್ಯಾಪ್ಟನ್ ಮನೆಯ ಹಜಾರದಲ್ಲಿ ಗಿಟಾರ್ ಹಿಡಿದು ಮಕ್ಕಳೆದುರು ಹಾಡುತ್ತಾನೆ. ಕೊನೆಗೆ ಸಂಗೀತೋತ್ಸವದಲ್ಲಿ, ನಾಜಿ ಅಧಿಕಾರಿಗಳು ಮುಂದಿನ ಸಾಲಿನಲ್ಲಿ ಕೂತಿರುವಾಗ ಹಾಡುತ್ತಾನೆ. ಗಂಟಲು ಕಟ್ಟುತ್ತದೆ, ಮಾರಿಯಾ ಸೇರುತ್ತಾಳೆ, ಸಭೆಯೆಲ್ಲ ಸೇರುತ್ತದೆ. ಘೋಷಣೆಯಿಲ್ಲ, ಭಾಷಣವಿಲ್ಲ, ಆದರೆ ಅದು ಪ್ರತಿಭಟನೆ ಎಂದು ಪುಟ್ಟ ಮಗುವಿಗೂ ತಿಳಿಯುತ್ತದೆ. ಆಸ್ಟ್ರಿಯಾದ ಜನಪದ ಗೀತೆಯೆಂದು ಎಷ್ಟೋ ಜನ ನಂಬಿರುವ ಈ ಹಾಡನ್ನು ನಾಟಕಕ್ಕೆಂದು ಬರೆದವರು ಹ್ಯಾಮರ್‌ಸ್ಟೈನ್. ಅವರು ಬರೆದ ಕೊನೆಯ ಹಾಡೇ ಇದು. 1960ರಲ್ಲಿ ಅವರು ತೀರಿಕೊಂಡರು, ಸಿನಿಮಾ ನೋಡಲು ಇರಲಿಲ್ಲ.

ಫಾನ್ ಟ್ರ್ಯಾಪ್ ಕುಟುಂಬ ನಿಜವಾಗಿಯೂ ಇತ್ತು, ಆದರೆ ಅವರ ಜೀವನದ ಕಥೆ ಬೇರೆಯೇ ಇತ್ತು. ಮಾರಿಯಾ ಆ ಮನೆಗೆ ಬಂದದ್ದು 1926ರಲ್ಲಿ, ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದ ಒಬ್ಬ ಹುಡುಗಿಗೆ ಪಾಠ ಹೇಳಲು. ಮದುವೆ 1927ರಲ್ಲಿ, ಅಂದರೆ ಹಿಟ್ಲರ್ ಬರುವುದಕ್ಕೆ ಹತ್ತು ವರ್ಷಕ್ಕೂ ಹೆಚ್ಚು ಮೊದಲೇ. ಕ್ಯಾಪ್ಟನ್ ಕಠೋರನಲ್ಲ, ಮೃದು ಸ್ವಭಾವದವನು. ಬ್ಯಾಂಕ್ ಮುಳುಗಿ ಆಸ್ತಿ ಕರಗಿದ ಮೇಲೆ ಆ ಕುಟುಂಬಕ್ಕೆ ಹಾಡು ಜೀವನೋಪಾಯವಾಯಿತು. 1938ರಲ್ಲಿ ಅವರು ಬೆಟ್ಟ ಹತ್ತಲಿಲ್ಲ, ರೈಲು ಹತ್ತಿ ಇಟಲಿಗೆ ಹೋದರು. ಸಾಲ್ಜ್‌ಬರ್ಗಿನ ಬೆಟ್ಟ ದಾಟಿದ್ದರೆ ನೇರವಾಗಿ ಜರ್ಮನಿಗೇ ಇಳಿಯಬೇಕಿತ್ತು! ಆಮೇಲೆ ಅಮೆರಿಕದ ವರ್ಮಾಂಟ್‌ನಲ್ಲಿ ನೆಲೆಸಿದರು.

ಇಷ್ಟು ವ್ಯತ್ಯಾಸವಿದ್ದೂ ಚಿತ್ರ ನಿಲ್ಲುವುದು ಅದರ ಒಳಗಿನ ಲೆಕ್ಕ ಸರಿಯಾಗಿರುವುದರಿಂದ. ಮೌನದ ಮನೆಗೆ ಹಾಡು ಬಂದರೆ ಏನೇನಾಗುತ್ತದೆ ಎಂಬುದು ಯಾವ ಊರಿಗೂ ಅನ್ವಯಿಸುವ ಪ್ರಶ್ನೆ. ಗುಲ್ಜಾರ್ 1972ರಲ್ಲಿ ತೆಗೆದ ಹಿಂದಿಯ 'ಪರಿಚಯ್' ನೋಡಿದವರಿಗೆ ಇದು ಗೊತ್ತು. ಅಲ್ಲಿ ಆಲ್ಪ್ಸ್ ಬೆಟ್ಟವೂ ನಾಜಿಗಳೂ ಇಲ್ಲ. ಶಿಸ್ತಿನ ಅಜ್ಜ, ಮೊಂಡು ಮಕ್ಕಳು, ಒಬ್ಬ ಮೇಷ್ಟ್ರು ಇದ್ದಾರೆ, ಒಂದು ಸ್ವರಪಾಠದ ಹಾಡಿದೆ, ಕಥೆ ಚೆನ್ನಾಗಿಯೇ ಬೇರೂರಿದೆ.

ಆದರೆ ಕಥೆ ನಡೆದ ನೆಲದಲ್ಲಿಯೇ 'ದಿ ಸೌಂಡ್ ಆಫ್ ಮ್ಯೂಸಿಕ್' ಸೋತಿತು. ಆಸ್ಟ್ರಿಯಾ, ಜರ್ಮನಿಯ ಜನ ಇದೇ ಕುಟುಂಬದ ಬಗ್ಗೆ 1956ರಲ್ಲೇ ತಮ್ಮ ಭಾಷೆಯ ಚಿತ್ರ ನೋಡಿದ್ದರು. ನಾಜಿ ಕಾಲದ ನೆನಪೂ ಯಾರಿಗೂ ಬೇಕಿರಲಿಲ್ಲ. ಮ್ಯೂನಿಕ್‌ನಲ್ಲಂತೂ ಮದುವೆಯ ನಂತರದ ಭಾಗವನ್ನೇ ಕತ್ತರಿಸಿ ಪ್ರದರ್ಶಿಸಿದರು. ಹಾಗೆ ಕತ್ತರಿಸಿದಾಗ ಹೋದದ್ದು ನಾಜಿಗಳಷ್ಟೇ ಅಲ್ಲ. ಸಭೆಯೆಲ್ಲ ಸೇರಿ ಹಾಡುವ 'ಎಡಲ್‌ವೈಸ್' ಹೋಯಿತು. ಮಲಗುವ ಮುನ್ನ ಅತಿಥಿಗಳಿಗೆ ವಿದಾಯ ಹೇಳಲು ಮಕ್ಕಳು ಹಾಡಿದ್ದ ಹಾಡು, ತಪ್ಪಿಸಿಕೊಳ್ಳುವ ಉಪಾಯವಾಗಿ ವೇದಿಕೆಗೆ ಮರಳುವುದೂ ಹೋಯಿತು. ಉಳಿದದ್ದು ವಿಮರ್ಶಕರು ಬೈದ ಸಕ್ಕರೆ ಪಾಕ ಮಾತ್ರ.

ಆದ್ದರಿಂದ ಮನೆಯಲ್ಲಿ ಈ ಚಿತ್ರ ಹಾಕಿದಾಗ, ಸುಮಾರು ಮೂರು ಗಂಟೆ ಉದ್ದವಾಯಿತೆಂದು ಹಾಡುಗಳನ್ನು ಓಡಿಸಬೇಡಿ. ಮೊದಲರ್ಧದಲ್ಲಿ ಮಕ್ಕಳು ಜೊತೆಗೆ ಹಾಡಲಿ, ಬಿಡಿ. ಉತ್ತರಾರ್ಧದಲ್ಲಿ ಅವೇ ಹಾಡುಗಳು ತಿರುಗಿ ಬಂದಾಗ ಏನು ಬದಲಾಗಿದೆ ಎಂದು ಅವರನ್ನೇ ಕೇಳಿ. ಉತ್ತರ ಅವರು ಕೊಡುತ್ತಾರೆ.