ಹಿಂದಿನ ಗಾಲಿಯ ಲೆಕ್ಕ

ಚೆನ್ನೈಯಿಂದ ದಕ್ಷಿಣಕ್ಕೆ ಹೊರಟ ಗ್ರ್ಯಾಂಡ್ ಸದರ್ನ್ ಟ್ರಂಕ್ (ಜಿಎಸ್‌ಟಿ) ರಸ್ತೆ ಪಲ್ಲಾವರಂ, ಕ್ರೋಂಪೇಟೆಗಳನ್ನು ದಾಟಿ ತಾಂಬರಂ ಸೇರುವ ಹೊತ್ತಿಗೆ ಅಕ್ಕಪಕ್ಕದಲ್ಲಿ ಕೆಲವು ಬೋಳುಗುಡ್ಡಗಳು ಕಾಣಿಸುತ್ತವೆ. ಬೆಟ್ಟ ಎನ್ನುವಷ್ಟು ಎತ್ತರವಿಲ್ಲ, ಆದರೆ ಅವುಗಳ ಕಲ್ಲಿಗೆ ಒಂದು ವಂಶಾವಳಿ ಇದೆ. ಕಲ್ಕತ್ತೆಯಲ್ಲಿರುವ, ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಜಾಬ್ ಚಾರ್ನಾಕನ ಗೋರಿಗೆ ಹಾಕಿದ ಕಲ್ಲು ಇದೇ ಜಾತಿಯದು. 1893ರಲ್ಲಿ ಭೂವಿಜ್ಞಾನಿ ಥಾಮಸ್ ಹಾಲೆಂಡ್ ಅವನ ಹೆಸರಿನಿಂದಲೇ ಇದನ್ನು ಚಾರ್ನಕೈಟ್ ಎಂದು ಕರೆದ. ನಮ್ಮ ಬಿಳಿಗಿರಿರಂಗನ ಬೆಟ್ಟದ ಒಡಲಲ್ಲಿರುವುದೂ ಇದೇ ಬಗೆಯ ಕಲ್ಲು. ಮುಂದೆ ಬಳ್ಳಾರಿ ಸೀಮೆಯಲ್ಲಿ ನವಶಿಲಾಯುಗದ ನೆಲೆಗಳನ್ನು ಹುಡುಕಿದ ರಾಬರ್ಟ್ ಬ್ರೂಸ್ ಫೂಟ್ 1863ರಲ್ಲಿ ಹಳೆಯ ಶಿಲಾಯುಗದ ಕೈಗೊಡಲಿಯನ್ನು ಎತ್ತಿಕೊಂಡದ್ದು ಪಲ್ಲಾವರದ ನೆಲದಿಂದ. ಕಲ್ಲಿನ ಹರಿತ ಅಂಚು ಏನು ಮಾಡಬಲ್ಲದು ಎಂಬುದು ಈ ನೆಲಕ್ಕೆ ಲಕ್ಷಾಂತರ ವರ್ಷಗಳಿಂದ ಗೊತ್ತು. ಇಂದಿನ ವಿಷಯಕ್ಕೆ ಈ ಕಲ್ಲು ಬೇಕಾಗಿರುವುದು ಇಷ್ಟಕ್ಕೆ: ಚಾರ್ನಕೈಟನ್ನು ಒಡೆದು ಮಾಡಿದ ಜಲ್ಲಿಯ ಮೇಲೆ ಸೈಕಲ್ ಓಡಿಸುವವರು ಹಿಂದಿನ ಗಾಲಿಗೆ ಎಂಥ ಟೈರು ಹಾಕಬೇಕು?

ಎಂಟಿಬಿ ಎಂದು ಹುಡುಗರು ಕರೆಯುವ, ಉಳಿದವರು ದಪ್ಪ ಟೈರಿನ ಗೇರ್ ಸೈಕಲ್ ಎನ್ನುವ ಗುಡ್ಡಗಾಡಿನ ಸೈಕಲ್ಲು ತಾಂಬರದಂಥ ಊರಿನಲ್ಲಿ ಮಾಡುವ ಕೆಲಸವನ್ನು ಮೊದಲು ನೋಡೋಣ. ವಂಡಲೂರು, ನನ್ಮಂಗಲಂನಂಥ ಕಾಯ್ದಿಟ್ಟ ಅರಣ್ಯಗಳೊಳಗೆ ಅನುಮತಿಯಿಲ್ಲದೆ ನುಗ್ಗುವಂತಿಲ್ಲ. ಉಳಿಯುವುದು ಕೆರೆಯ ಏರಿ, ಕಲ್ಲುಗಣಿಯ ಬದಿಯ ಕಚ್ಚಾ ದಾರಿ, ಹೊಸ ಬಡಾವಣೆಗಳಿಗೆ ಜಲ್ಲಿ ಸುರಿದ ಹಾದಿ. ಅಲ್ಲಿಗೆ ತಲುಪಲು ಹೋಗುವಾಗ ಬರುವಾಗ ಡಾಂಬರು ತುಳಿಯಲೇಬೇಕು. ಅಂದರೆ ಸವಾರಿಯ ದೊಡ್ಡ ಪಾಲು ಗಟ್ಟಿ ನೆಲದ ಮೇಲೆ, ಚಿಕ್ಕ ಪಾಲು ಹರಿತವಾದ ಒಣ ನೆಲದ ಮೇಲೆ. ಬೆಂಗಳೂರಿನಿಂದ ನಂದಿಬೆಟ್ಟದ ಬುಡಕ್ಕೆ ಹೋಗಿ ಅಲ್ಲಿಯ ಗರಸು ದಾರಿಗಳಲ್ಲಿ ಸುತ್ತುವವರ ಲೆಕ್ಕವೂ ಇದಕ್ಕಿಂತ ಬಹಳ ಬೇರೆಯಲ್ಲ. ಆದರೆ ಅಂಗಡಿಗೆ ಹೋದವರ ಕಣ್ಣು ಮೊದಲು ಬೀಳುವುದು ಎತ್ತರದ ಬಟನ್‌ಗಳುಳ್ಳ, ಟ್ರ್ಯಾಕ್ಟರಿನ ಮರಿಯಂತೆ ಕಾಣುವ ಟೈರಿನ ಮೇಲೆ. ಬಟನ್ ಎತ್ತರವಾದಷ್ಟೂ ಟೈರು ಗಟ್ಟಿ ಎಂಬ ನಂಬಿಕೆ ಅದರ ಹಿಂದಿದೆ. ವೇಗ ಬೇಕಾದರೆ ಬಾಳಿಕೆ ಬಿಡಬೇಕು, ಬಾಳಿಕೆ ಬೇಕಾದರೆ ವೇಗ ಬಿಡಬೇಕು ಎಂಬುದು ಅದರ ಜೊತೆಗೇ ಬರುವ ಇನ್ನೊಂದು ನಂಬಿಕೆ. ಹಿಂದಿನ ಗಾಲಿಯ ಮಟ್ಟಿಗೆ, ಈ ನೆಲದ ಮಟ್ಟಿಗೆ, ಎರಡೂ ತಪ್ಪು ಎಂದು ನನ್ನ ವಾದ.

ಸೀಟಿನ ಮೇಲೆ ಕುಳಿತು ಪೆಡಲು ತುಳಿಯುವಾಗ ಒಟ್ಟು ಭಾರದ ಸುಮಾರು ನೂರಕ್ಕೆ ಅರವತ್ತು ಪಾಲು ಹಿಂದಿನ ಗಾಲಿಯ ಮೇಲಿರುತ್ತದೆ. ಚೈನು ಎಳೆಯುವುದೂ ಅದನ್ನೇ. ಸವಾರ ಮತ್ತು ಸೈಕಲ್ಲು ಸೇರಿ 85 ಕಿಲೋ ಎಂದುಕೊಳ್ಳಿ. ಒರಟು ದಾರಿಯಲ್ಲಿ ಟೈರುಗಳು ಉರುಳಲು ಒಡ್ಡುವ ತಡೆ ಆ ಭಾರದ ನೂರಕ್ಕೆ ಎರಡು ಪಾಲು ಎಂದು ಹಿಡಿದರೆ, 1.7 ಕಿಲೋ ತೂಕದಷ್ಟು ಬಲವೊಂದು ಬಿಡದೆ ಹಿಂದಕ್ಕೆ ಜಗ್ಗುತ್ತಿರುತ್ತದೆ. ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಅದನ್ನು ಮೀರಲು ಸುಮಾರು 70 ವ್ಯಾಟ್ ಬೇಕು. ಅದೇ ವೇಗದಲ್ಲಿ ಗಾಳಿಯನ್ನು ಸೀಳಲು ಸಾಕಾಗುವುದು 20 ವ್ಯಾಟಿನ ಆಸುಪಾಸು. ರೇಸ್ ಸೈಕಲ್ಲಿನವರಿಗೆ ಗಾಳಿ ಶತ್ರು, ಗುಡ್ಡಗಾಡಿನ ಸೈಕಲ್ಲಿನವರಿಗೆ ಟೈರೇ ಶತ್ರು. ಈಗ ಹಿಂದಿನ ಟೈರನ್ನು ಮಾತ್ರ ಬದಲಿಸಿ, ಅದರ ತಡೆಯನ್ನು ಎರಡು ಪಾಲಿನಿಂದ ಒಂದೂವರೆಗೆ ಇಳಿಸಿದರೆ ಉಳಿಯುವುದು ಸುಮಾರು 10 ವ್ಯಾಟ್. ಹತ್ತೇ ಎನ್ನಬೇಡಿ. ಅಭ್ಯಾಸ ಹೆಚ್ಚಿಲ್ಲದ ಆರೋಗ್ಯವಂತರು ಒಂದು ಗಂಟೆ ಬಿಡದೆ ತುಳಿದರೆ ಕೊಡಬಲ್ಲದ್ದು ಸುಮಾರು 100 ವ್ಯಾಟ್. ತೊಡೆಯ ದುಡಿಮೆಯಲ್ಲಿ ಹತ್ತನೆಯ ಒಂದು ಭಾಗ ಬರಿಯ ರಬ್ಬರಿನ ಪಾಲಾಗುತ್ತಿತ್ತು ಎಂದಾಯಿತು.

ಆ ಶಕ್ತಿ ಎಲ್ಲಿಗೆ ಹೋಗುತ್ತದೆ? ರಬ್ಬರನ್ನು ಅದುಮಿ ಬಿಟ್ಟರೆ ಅದು ಮೊದಲಿನ ಆಕಾರಕ್ಕೆ ಬರುತ್ತದೆ, ಆದರೆ ಅದುಮಲು ಖರ್ಚಾದ ಶಕ್ತಿಯಷ್ಟನ್ನೂ ಹಿಂದಿರುಗಿಸುವುದಿಲ್ಲ. ಒಂದಿಷ್ಟನ್ನು ಶಾಖವಾಗಿ ತಿಂದುಹಾಕುತ್ತದೆ. ಗಾಲಿ ಒಂದು ಸುತ್ತು ಬರುವಾಗ ಟೈರಿನ ಪ್ರತಿಯೊಂದು ತುಂಡೂ ಒಮ್ಮೆ ನೆಲಕ್ಕೆ ಅದುಮಿಕೊಂಡು ಮೇಲೇಳುತ್ತದೆ. ನಡುವಿನ ಸಾಲಿನಲ್ಲಿ ಎತ್ತರದ, ದೂರದೂರ ನಿಂತ ಬಟನ್‌ಗಳಿದ್ದರೆ ಅವು ಅದುಮಿಕೊಳ್ಳುವುದಷ್ಟೇ ಅಲ್ಲ, ಬಾಗುತ್ತವೆ, ತೂಗಾಡುತ್ತವೆ. ಡಾಂಬರಿನ ಮೇಲೆ ಇಂಥ ಟೈರು ಗುಂಯ್ ಎಂದು ಹಾಡುತ್ತಾ ಹೋಗುವುದನ್ನು ಕೇಳಿರುತ್ತೀರಿ. ಆ ಹಾಡಿನ ಖರ್ಚೆಲ್ಲ ಸವಾರನದೇ. ಇಲ್ಲಿಂದಲೇ ಬಾಳಿಕೆಯ ಪ್ರಶ್ನೆಗೂ ಉತ್ತರ ಸಿಗುತ್ತದೆ. ಬಾಗುವ ಬಟನ್ ನೆಲ ಬಿಡುವ ಗಳಿಗೆಯಲ್ಲಿ ತುಸು ಜಾರಿ, ತನ್ನ ಅಂಚನ್ನು ನೆಲಕ್ಕೆ ಉಜ್ಜಿಕೊಳ್ಳುತ್ತದೆ. ತೆಂಗಿನಕಾಯಿ ತುರಿದಂತೆ, ಒಂದೊಂದು ಸುತ್ತಿಗೂ ಒಂದಿಷ್ಟು. ಪೆಡಲಿನ ಎಳೆತವೆಲ್ಲ ಹಿಂದಿನ ಗಾಲಿಯ ಮೂಲಕವೇ ನೆಲಕ್ಕೆ ಇಳಿಯುವುದರಿಂದ ಈ ಉಜ್ಜಾಟ ಅಲ್ಲಿ ಹೆಚ್ಚು. ನಡುವಿನ ಬಟನ್‌ಗಳು ತಗ್ಗಾಗಿ, ಒತ್ತೊತ್ತಾಗಿ ಇದ್ದರೆ ಒಂದಕ್ಕೊಂದು ಆಸರೆಯಾಗಿ ನಿಲ್ಲುತ್ತವೆ, ಕಡಿಮೆ ಬಾಗುತ್ತವೆ, ಕಡಿಮೆ ಸವೆಯುತ್ತವೆ. ಟೈರು ಹಗುರಾಗಿ ಉರುಳುವುದಕ್ಕೂ ಹೆಚ್ಚು ದಿನ ಬರುವುದಕ್ಕೂ ಕಾರಣ ಒಂದೇ. ರಬ್ಬರಿನ ಗಡಸುತನದ ಮಾತೂ ಹೀಗೆಯೇ. ಅದನ್ನು ಶೋರ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಇಳಿಜಾರಿನ ಸ್ಪರ್ಧೆಗಳಿಗೆ ಮಾಡಿದ ಮೆತ್ತನೆಯ ರಬ್ಬರು 42ರ ಹತ್ತಿರವಿದ್ದರೆ, ನಮಗೆ ಬೇಕಾದದ್ದು 60ರ ಆಸುಪಾಸಿನದು. ಮೆತ್ತನೆಯದು ಬಂಡೆಗೆ ಅಂಟುತ್ತದೆ, ನಿಜ. ಕಾದ ಡಾಂಬರಿಗೂ ಅಂಟಿ ಬೇಗ ತೀರಿಹೋಗುತ್ತದೆ.

ವೇಗಕ್ಕೂ ಬಾಳಿಕೆಗೂ ನಿಜವಾದ ಜಗಳ ಇರುವುದು ಬಟನ್‌ಗಳಲ್ಲಲ್ಲ, ಅವುಗಳ ಅಡಿಯಲ್ಲಿರುವ ನೂಲಿನ ಪದರದಲ್ಲಿ. ಟೈರು ಎಂದರೆ ನೈಲಾನ್ ನೂಲಿನ ಬಟ್ಟೆಗೆ ಮೆತ್ತಿದ ರಬ್ಬರು. ಒಂದು ಇಂಚಿನಲ್ಲಿ ಎಷ್ಟು ಎಳೆ ಎಂಬುದನ್ನು ಟಿಪಿಐ ಎಂದು ಪಕ್ಕೆಯ ಮೇಲೋ ಪೊಟ್ಟಣದ ಮೇಲೋ ಬರೆದಿರುತ್ತಾರೆ. 120 ಎಳೆ ಎಂದರೆ ನಯವಾದ ತೆಳು ನೂಲು. ಅದು ಸುಲಭವಾಗಿ ಬಾಗಿ ಚೆನ್ನಾಗಿ ಉರುಳುತ್ತದೆ. 60 ಎಂದರೆ ದಪ್ಪ ನೂಲು, ತುಸು ಮೊಂಡು, ಆದರೆ ಕಲ್ಲಿಗೆ ಬೇಗ ಬಗ್ಗುವುದಿಲ್ಲ. ಎಳೆ ಹೆಚ್ಚಿದ್ದರೆ ಬಟ್ಟೆ ಗಟ್ಟಿ ಎಂದು ಪಂಚೆ ಕೊಳ್ಳುವ ಲೆಕ್ಕದಲ್ಲಿ ಯೋಚಿಸಿದರೆ ಇಲ್ಲಿ ಮೋಸ ಹೋಗುತ್ತೇವೆ. ತಾಂಬರದ ನೆಲದಲ್ಲಿ ಟೈರಿಗೆ ಎದುರಾಗುವ ಶತ್ರುಗಳು ಮೂವರು. ಜಲ್ಲಿಯ ಅಂಚು ಪಕ್ಕೆಯನ್ನು ಸೀಳುತ್ತದೆ. ಏರಿಯ ಹುಲ್ಲಿನಲ್ಲಿ ನೆಗ್ಗಿಲ ಮುಳ್ಳು ಅಡಗಿರುತ್ತದೆ. ಮೂರನೆಯದು ಒಣಗಿದ ಕೆರೆಯಂಗಳವನ್ನೆಲ್ಲ ಆವರಿಸಿಕೊಂಡಿರುವ, ತಮಿಳರು ಸೀಮೈ ಕರುವೇಲಂ ಎನ್ನುವ ಗಿಡ. ನಮ್ಮವರಿಗೆ ಅದು ಬಳ್ಳಾರಿ ಜಾಲಿ. ಹುಟ್ಟಿದ್ದು ಅಮೆರಿಕ ಖಂಡದಲ್ಲಿ, ಹೆಸರು ಬಳ್ಳಾರಿಯದು, ಚುಚ್ಚುವುದು ಎಲ್ಲರಿಗೂ. ಭಾರ ಹೆಚ್ಚಿರುವುದರಿಂದ ಪಂಚರ್ ಆಗುವ ಸರದಿಯೂ ಹೆಚ್ಚಾಗಿ ಹಿಂದಿನ ಗಾಲಿಯದೇ. ಆದ್ದರಿಂದ ಬಟನ್‌ನಲ್ಲಿ ಉಳಿಸಿದ್ದನ್ನು ಒಡಲಿನಲ್ಲಿ ಖರ್ಚು ಮಾಡಬೇಕು: ನಡುವೆ ತಗ್ಗು ಬಟನ್, ಅದರ ಕೆಳಗೆ ಪಂಚರ್ ತಡೆಯುವ ಪಟ್ಟಿ, ಪಕ್ಕೆಗೆ ಹೆಚ್ಚುವರಿ ಪದರ. ಹೀಗೆ ಮಾಡಿದರೆ ಟೈರಿನ ತೂಕ ಇನ್ನೂರು ಗ್ರಾಂ ಏರಬಹುದು, ತಿರುಗುವ ತೂಕ ಎರಡರಷ್ಟು ಕಾಡುತ್ತದೆ ಎಂದು ಆಕ್ಷೇಪಿಸುವವರಿದ್ದಾರೆ. ಒಪ್ಪೋಣ, ಎರಡರಷ್ಟೇ ಎನ್ನೋಣ. 85 ಕಿಲೋದಲ್ಲಿ 400 ಗ್ರಾಂ ಎಂದರೆ ನೂರಕ್ಕೆ ಅರ್ಧ ಪಾಲಿಗಿಂತ ಕಡಿಮೆ. ತಿರುಗುವುದರಿಂದ ಬರುವ ಹೆಚ್ಚುವರಿ ಹೊರೆಯೂ ವೇಗ ಏರಿಸುವಾಗ ಮಾತ್ರ ತಿಳಿಯುತ್ತದೆ. ತಾಂಬರದ ಪಕ್ಕದ ಸೆಲೈಯೂರಿನಾಚೆ ಬಿಸಿಲಲ್ಲಿ ಸೈಕಲ್ ತಳ್ಳಿಕೊಂಡು ಬರುವುದರ ಭಾರವನ್ನು ಯಾವ ತಕ್ಕಡಿಯೂ ತೂಗುವುದಿಲ್ಲ.

ಇದಕ್ಕಿಂತ ಗಂಭೀರವಾದ ಆಕ್ಷೇಪ ಹಿಡಿತದ್ದು. ತಗ್ಗು ಬಟನ್ ಆದರೆ ಏರಿನಲ್ಲಿ ಗಾಲಿ ಬರಿದೇ ತಿರುಗುವುದಿಲ್ಲವೇ, ಬ್ರೇಕ್ ಹಿಡಿದರೆ ಜಾರುವುದಿಲ್ಲವೇ? ಇಲ್ಲಿ ಈ ಆಟ ಹುಟ್ಟಿದ ಜಾಗವನ್ನು ನೆನೆಯಬೇಕು. 1976ರಲ್ಲಿ ಕ್ಯಾಲಿಫೋರ್ನಿಯದ ಮರಿನ್ ಕೌಂಟಿಯಲ್ಲಿ ಕೆಲವರು ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ಕಡಿದಾದ ಮಣ್ಣಿನ ಇಳಿಜಾರಿನಲ್ಲಿ ಪಂತ ಕಟ್ಟಿ ಇಳಿಸಿದರು. ಹಿಮ್ಮುಖವಾಗಿ ಪೆಡಲು ತುಳಿದರೆ ಹಿಡಿಯುವ ಹಿಂಗಾಲಿಯ ಬ್ರೇಕಿನ ಗ್ರೀಸು ಕಾದು ಹೊಗೆಯಾಗಿ ಹೋಗಿ, ಪ್ರತಿ ಸಲವೂ ಮತ್ತೆ ತುಂಬಬೇಕಾಗಿ ಬಂದದ್ದರಿಂದ ಆ ಪಂದ್ಯಕ್ಕೆ ರೀಪ್ಯಾಕ್ ಎಂದೇ ಹೆಸರಾಯಿತು. ಗುಡ್ಡಗಾಡಿನ ಸೈಕಲ್ಲೆಂದರೆ ನಮ್ಮ ಕಣ್ಣಿಗೆ ಕಟ್ಟುವ ಚಿತ್ರ ಆ ಸಡಿಲ ಮಣ್ಣಿನದು, ನಮ್ಮ ಒಣ ಗಟ್ಟಿ ನೆಲದ್ದಲ್ಲ. ಇಂದಿನ ಸೈಕಲ್ಲುಗಳಲ್ಲಿ ಮುಂದೆಯೂ ಬಲವಾದ ಬ್ರೇಕಿದೆ. ಬ್ರೇಕ್ ಹಿಡಿದಾಗ ಭಾರ ಮುಂದಕ್ಕೆ ವಾಲುವುದರಿಂದ ನಿಲ್ಲಿಸುವ ಕೆಲಸದ ಹೆಚ್ಚಿನ ಪಾಲು ಮುಂದಿನ ಗಾಲಿಯದೇ. ತಿರುಗಿಸುವ ಕೆಲಸವಂತೂ ಪೂರ್ತಿ ಅದರದು. ಮುಂದಿನ ಗಾಲಿ ಜಾರಿದರೆ ಸವಾರ ನೆಲ ಕಾಣುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ಹಿಂದಿನದು ಜಾರಿದರೆ ಬಾಲ ಒಂದು ಕಡೆ ಹೊರಳುತ್ತದೆ, ಸಾವರಿಸಿಕೊಳ್ಳಲು ಸಮಯ ಸಿಗುತ್ತದೆ. ಹಾಗಾಗಿ ಮುಂದೆ ಎತ್ತರದ ಬಟನ್, ಮೆತ್ತನೆಯ ರಬ್ಬರು ಇರಲಿ, ಅಲ್ಲಿ ಜಿಪುಣತನ ಬೇಡ. ಹಿಂದೆ ನಡುವೆ ತಗ್ಗು, ಅಂಚಿನ ಸಾಲಿನಲ್ಲಿ ಮಾತ್ರ ತಿರುವಿಗೆ ನೆರವಾಗುವ ಎತ್ತರದ ಬಟನ್ ಇದ್ದರೆ ಸಾಕು. ಏರು ಹತ್ತುವಾಗ ಒಣ ಗಟ್ಟಿ ನೆಲದಲ್ಲಿ ಹಿಡಿತ ಕೊಡುವುದು ಬಟನ್‌ನ ಎತ್ತರಕ್ಕಿಂತ ಹೆಚ್ಚಾಗಿ ಗಾಳಿಯ ಒತ್ತಡ, ಮತ್ತು ಸೀಟಿನಿಂದ ಏಳದೆ ಸಮನಾಗಿ ತುಳಿಯುವ ಕಾಲು.

ಮಳೆಗಾಲದ ಮಾತು ಬೇರೆ, ಅಲ್ಲಿ ನನ್ನ ವಾದ ಸೋಲುತ್ತದೆ. ಚೆನ್ನೈಗೆ ಮಳೆಯ ಹೆಚ್ಚಿನ ಪಾಲು ಬರುವುದು ಈಶಾನ್ಯ ಮಾರುತದಿಂದ, ಅಕ್ಟೋಬರಿನಿಂದ ಡಿಸೆಂಬರಿನವರೆಗೆ. ಆಗ ಕೆರೆಯಂಗಳದ ಜೇಡಿಮಣ್ಣು ಒತ್ತೊತ್ತಾದ ಬಟನ್‌ಗಳ ಸಂದಿಯಲ್ಲಿ ತುಂಬಿಕೊಂಡು ಟೈರನ್ನು ಮಡಕೆಯಂತೆ ನುಣ್ಣಗೆ ಮಾಡಿಬಿಡುತ್ತದೆ. ದೂರದೂರ ನಿಂತ ಎತ್ತರದ ಬಟನ್‌ಗಳಾದರೆ ತಿರುಗುವಾಗ ಮಣ್ಣನ್ನು ಎಸೆದುಬಿಡುತ್ತವೆ. ಆದರೆ ಮೂರು ತಿಂಗಳಿಗೆಂದು ಒಂಬತ್ತು ತಿಂಗಳು ದಂಡ ತೆರುವುದು ಯಾಕೆ? ಮಲೆನಾಡಿನವರು ಬೇರೆ ನಿರ್ಧಾರಕ್ಕೆ ಬಂದರೆ ಅದು ಅವರ ನೆಲಕ್ಕೆ ಸರಿ.

ಗಾಳಿಯ ವಿಷಯದಲ್ಲಿ ಪಂಚರ್ ಅಂಗಡಿಯ ಹಳೆಯ ರೂಢಿ ನಮಗೆ ಅಡ್ಡಿ. ಹೆಬ್ಬೆರಳಿಗೆ ಕಲ್ಲಿನಂತೆ ತಾಗಬೇಕು ಎಂಬುದು ಹಾಲಿನ ಕ್ಯಾನು ಹೊರುವ ಸೈಕಲ್ಲಿಗೆ ಸರಿ. ನಯವಾದ ರಸ್ತೆಯಲ್ಲಿ ಹೆಚ್ಚು ಗಾಳಿ ವೇಗ ಕೊಡುತ್ತದೆ, ಒರಟು ದಾರಿಯಲ್ಲಿ ಅದೇ ಟೈರು ಪ್ರತಿ ಕಲ್ಲಿಗೂ ಪುಟಿದು, ಮುಂದೆ ಹೋಗಬೇಕಾದ ಶಕ್ತಿಯನ್ನು ಮೇಲಕ್ಕೆ ಎಸೆಯುತ್ತದೆ. ಎರಡು ಇಂಚಿಗೂ ಮೀರಿದ ಅಗಲದ ಟೈರಿಗೆ, ಸಾಧಾರಣ ಮೈಕಟ್ಟಿನವರಿಗೆ, ಟ್ಯೂಬಿದ್ದರೆ 35 ಪಿಎಸ್‌ಐ ಸುತ್ತಮುತ್ತ ಸಾಕು. ಅದಕ್ಕಿಂತ ತೀರ ಇಳಿಸಿದರೆ ಕಲ್ಲು ಮತ್ತು ರಿಮ್ಮಿನ ನಡುವೆ ಟ್ಯೂಬು ಸಿಕ್ಕಿ, ಹಾವು ಕಚ್ಚಿದಂತೆ ಎರಡು ತೂತು ಬೀಳುತ್ತವೆ. ಟ್ಯೂಬೇ ಇಲ್ಲದ, ಒಳಗೆ ರಬ್ಬರ್ ಹಾಲಿನ ದ್ರವ ಹಾಕುವ ಟೈರಾದರೆ ಇನ್ನೂ ಇಳಿಸಬಹುದು, ಜಾಲಿಮುಳ್ಳಿನ ತೂತನ್ನು ಆ ದ್ರವವೇ ಮುಚ್ಚುತ್ತದೆ. ಆದರೆ ಚೆನ್ನೈಯ ಸೆಕೆಗೆ ಅದು ಬೇಗ ಒಣಗುವುದರಿಂದ ಎರಡು ಮೂರು ತಿಂಗಳಿಗೊಮ್ಮೆ ನೋಡಿ ತುಂಬಬೇಕು. ಟೈರು ಕೊಳ್ಳುವಾಗ 26 ಇಂಚು ಎಂದಷ್ಟೇ ಹೇಳಿದರೆ ಎಡವಟ್ಟಾಗುವುದುಂಟು, ಆ ಹೆಸರಿನಲ್ಲಿ ಒಂದಕ್ಕೊಂದು ಹೊಂದದ ಹಲವು ಅಳತೆಗಳಿವೆ. ಪಕ್ಕೆಯ ಮೇಲೆ ಮಿಲಿಮೀಟರಿನಲ್ಲಿ ಬರೆದ ಜೋಡಿ ಸಂಖ್ಯೆಯ ಎರಡನೆಯ ಭಾಗ ನೋಡಿ: ಗುಡ್ಡಗಾಡಿನ 26ಕ್ಕೆ 559, 27.5ಕ್ಕೆ 584, 29ಕ್ಕೆ 622. ಯಾವ ಕಂಪನಿಯದು ಎಂದು ಕೇಳುವಿರಿ, ಇಲ್ಲಿ ಅದನ್ನು ಹೇಳಲಾರೆ. ಹೇಳುವ ಅಗತ್ಯವೂ ಇಲ್ಲ, ಈ ಗುಣಗಳ ಟೈರು ಹಲವರು ಮಾಡುತ್ತಾರೆ.

ಬೆಲೆ ಹೆಚ್ಚಾಯಿತು ಎನ್ನುವವರಿಗೆ ಹಳಬರು ಮಾಡಿಕೊಂಡ ಒಂದು ಉಪಾಯವಿದೆ. ಹೊಸ ಟೈರನ್ನು ಯಾವಾಗಲೂ ಮುಂದಕ್ಕೆ ಹಾಕಿ, ಮುಂದೆ ಅರೆ ಸವೆದದ್ದನ್ನು ಹಿಂದಕ್ಕೆ ತರುವುದು. ಸವೆದ ಬಟನ್ ತಗ್ಗಾಗಿರುವುದರಿಂದ ಅದು ತಾನಾಗಿಯೇ ಹಗುರಾಗಿ ಉರುಳುತ್ತದೆ. ಒಡಲು ಮಾತ್ರ ಗಟ್ಟಿಯಿರಬೇಕು, ಯಾಕೆಂದರೆ ಬಿಸಿಲಿಗೆ ಬಿದ್ದ ರಬ್ಬರು ಓಡದಿದ್ದರೂ ಮುಪ್ಪಾಗುತ್ತದೆ, ಬಾಲ್ಕನಿಯಲ್ಲಿ ವರ್ಷಗಟ್ಟಲೆ ನಿಂತ ಸೈಕಲ್ಲಿನ ಪಕ್ಕೆ ಬೇಸಿಗೆಯ ಕೆರೆಯಂತೆ ಬಿರಿದಿರುತ್ತದೆ. ನಡುವಿನ ಸಾಲು ನುಣ್ಣಗಾದರೂ ಒಣ ನೆಲದಲ್ಲಿ ಇನ್ನೂ ಕೆಲವು ದಿನ ಓಡಿಸಬಹುದು. ಪಕ್ಕೆಯ ಬಿರುಕಿನಲ್ಲೋ ನಡುಭಾಗದಲ್ಲೋ ನೂಲಿನ ಎಳೆ ಕಣ್ಣಿಗೆ ಬಿತ್ತೆಂದರೆ ಅದನ್ನು ಅಂದೇ ಬಿಚ್ಚಿಡಬೇಕು.