ಆಟದ ಅಂಗಳದಲ್ಲಿ ಆಡುವ ಮಾತು

ದಕ್ಷಿಣ ಕನ್ನಡದ ಮನೆಗಳಲ್ಲಿ ಮಕ್ಕಳನ್ನು ‘ಮಂಗ’ ಎಂದು ಕರೆಯದ ತಾಯಂದಿರು ಕಡಿಮೆ. ಮರ ಹತ್ತಿದ ಹುಡುಗನೂ ಮಂಗ, ಹೇಳಿದ ಮಾತು ಕೇಳದ ಹುಡುಗಿಯೂ ಮಂಗ. ಯಾರನ್ನಾದರೂ ಏಮಾರಿಸಿದರೆ ‘ಮಂಗ ಮಾಡಿದ’ ಎನ್ನುವುದು ರೂಢಿ. ಪುತ್ತೂರು, ಸುಳ್ಯ, ಕಡಬದ ತೋಟದವರಿಗಂತೂ ಮಂಗ ದಿನನಿತ್ಯದ ಉಪದ್ರ. ಆದರೂ ಹನುಮಂತನ ಕುಲವೆಂಬ ಗೌರವಕ್ಕೆ ಕಡಿಮೆಯಿಲ್ಲ. ಇಂಥ ಊರಿನ ಕ್ರಿಕೆಟ್ ಪ್ರಿಯರಿಗೆ 2008ರ ಜನವರಿಯಲ್ಲಿ ಸಿಡ್ನಿಯಿಂದ ಬಂದ ಸುದ್ದಿ ವಿಚಿತ್ರವಾಗಿ ಕಂಡದ್ದು ಸಹಜ. ಆಂಡ್ರ್ಯೂ ಸೈಮಂಡ್ಸ್‌ರನ್ನು ಮಂಗ ಎಂದು ಕರೆದರೆಂಬ ದೂರಿನ ಮೇಲೆ ಹರಭಜನ್ ಸಿಂಗ್ ಅವರಿಗೆ 3 ಟೆಸ್ಟ್‌ಗಳ ನಿಷೇಧ ವಿಧಿಸಲಾಗಿತ್ತು. ಮೇಲ್ಮನವಿ ಆಲಿಸಿದ ನ್ಯೂಜಿಲೆಂಡಿನ ನ್ಯಾಯಮೂರ್ತಿ ಜಾನ್ ಹ್ಯಾನ್ಸನ್, ಜನಾಂಗೀಯ ನಿಂದನೆ ಸಾಬೀತಾಗಿಲ್ಲವೆಂದು ನಿಷೇಧವನ್ನು ತೆಗೆದುಹಾಕಿ, ಕೆಟ್ಟ ಮಾತಿಗಾಗಿ ಪಂದ್ಯ ಶುಲ್ಕದ ಅರ್ಧದಷ್ಟು ದಂಡ ಹಾಕಿದರು. ‘ಮಂಗ ಎಂದರೆ ಏನಾಯಿತು? ನಮ್ಮಲ್ಲಿ ಅದು ದೇವರು’ ಎಂಬ ವಾದ ಆಗ ದೇಶದುದ್ದಕ್ಕೂ ಕೇಳಿಬಂತು. ಅದಕ್ಕೆ ಕೆಲವೇ ತಿಂಗಳು ಮೊದಲು, 2007ರ ಅಕ್ಟೋಬರಿನಲ್ಲಿ, ವಡೋದರ ಮತ್ತು ಮುಂಬಯಿಯ ಪ್ರೇಕ್ಷಕರು ಇದೇ ಸೈಮಂಡ್ಸ್‌ರತ್ತ ಮಂಗನಂತೆ ಕೂಗಿದ್ದನ್ನು ಯಾರೂ ಹನುಮಂತನ ಭಜನೆ ಎಂದು ತಿಳಿಯಲಿಲ್ಲ.

ಮನೆಯಲ್ಲಿ ಮುದ್ದಿನ ಬೈಗುಳವಾದ ಒಂದು ಪದ ಇನ್ನೊಬ್ಬನಿಗೆ ಅಷ್ಟು ನೋವು ಕೊಡುವುದೇಕೆ? ಉತ್ತರ ನಿಘಂಟಿನಲ್ಲಿ ಸಿಗದು, ಚರಿತ್ರೆಯಲ್ಲಿ ಸಿಗುತ್ತದೆ. 1906ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದವರು ಕಾಂಗೋ ಪ್ರದೇಶದ ಓಟಾ ಬೆಂಗಾ ಎಂಬ ಯುವಕನನ್ನು ಮಂಗಗಳ ಮನೆಯಲ್ಲಿ ಪ್ರದರ್ಶನಕ್ಕಿಟ್ಟರು. ನೋಡಲು ಬಂದವರ ಪೈಕಿ ವಿದ್ಯಾವಂತರೂ ಇದ್ದರು. ಕರಿಯರು ಮನುಷ್ಯನಿಗೂ ವಾನರನಿಗೂ ನಡುವಿನವರು ಎಂಬ ಸುಳ್ಳು ಶಾಸ್ತ್ರ ಆಗ ವಿಜ್ಞಾನದ ವೇಷದಲ್ಲಿ ಓಡಾಡುತ್ತಿತ್ತು. ಯುರೋಪಿನ ಫುಟ್‌ಬಾಲ್ ಮೈದಾನಗಳಲ್ಲಿ ಕಪ್ಪು ಆಟಗಾರರತ್ತ ಬಾಳೆಹಣ್ಣು ಎಸೆಯುವವರು ಎಸೆಯುವುದು ಹಣ್ಣನ್ನಲ್ಲ, ಆ ಚರಿತ್ರೆಯನ್ನು. ಯಾವ ಪದದ ಹೆಸರಿನಲ್ಲಿ ಮನುಷ್ಯನಿಗೆ ಏನು ಮಾಡಲಾಗಿತ್ತು ಎಂಬುದರ ಮೇಲೆ ಆ ಪದದ ಭಾರ ನಿಂತಿದೆ. ಆಡಿದವನ ಮನಸ್ಸಿನಲ್ಲಿ ಏನಿತ್ತೆಂಬುದು ಆಮೇಲಿನ ಪ್ರಶ್ನೆ.

ಇದೆಲ್ಲ ಹೊರದೇಶದ ಕತೆ, ಇಲ್ಲಿ ಬಿಳಿಯರೂ ಇಲ್ಲ, ಕರಿಯರೂ ಇಲ್ಲ ಎಂದು ಸುಮ್ಮನಿರುವಂತಿಲ್ಲ. ಮನುಷ್ಯನನ್ನು ಪ್ರಾಣಿಯ ಜಾಗದಲ್ಲಿಟ್ಟು ನೋಡಿದ ಆಟ ತುಳುನಾಡಿನಲ್ಲೇ ಇತ್ತು. ಕಂಬಳ ಇಂದು ಕರಾವಳಿಯ ಹೆಮ್ಮೆ. ಪುತ್ತೂರಿನ ಮಹಾಲಿಂಗೇಶ್ವರ ದೇವಸ್ಥಾನದ ದೇವರಮಾರು ಗದ್ದೆಯಲ್ಲಿ ಕೋಟಿ-ಚೆನ್ನಯರ ಹೆಸರಿನಲ್ಲಿ ನಡೆಯುವ ಜೋಡುಕರೆ ಕಂಬಳಕ್ಕೆ ಸಾವಿರಾರು ಜನ ಸೇರುತ್ತಾರೆ. ಹೊನಲು ಬೆಳಕು, ಹಗ್ಗ, ನೇಗಿಲು, ಅಡ್ಡ ಹಲಗೆ, ಕನೆ ಹಲಗೆ ಎಂಬ ವಿಭಾಗಗಳು, ಸೆಕೆಂಡಿನ ನೂರರ ಒಂದು ಭಾಗವನ್ನೂ ಅಳೆಯುವ ಯಂತ್ರ ಇವೆಲ್ಲ ಈಚಿನವು. ಹಳೆಯ ಗುತ್ತು, ಅರಮನೆಗಳ ಕಂಬಳಗಳ ಕ್ರಮವೇ ಬೇರೆ. ಹಿಂದಿನ ರಾತ್ರಿ ಕೊರಗರು ಗದ್ದೆಯ ಬಳಿ ಇಬ್ಬನಿಯಲ್ಲಿ ಕುಳಿತು, ಡೋಲು ಬಾರಿಸಿ, ಹಾಡಿ ಬೆಳಗು ಮಾಡಬೇಕು. ಇದಕ್ಕೆ ತುಳುವಿನಲ್ಲಿ ‘ಪನಿ ಕುಲ್ಲುನಿ’ ಎಂಬ ಹೆಸರೇ ಇತ್ತು. ಬೆಳಗಾದ ಮೇಲೆ ಕೋಣಗಳು ಇಳಿಯುವ ಮೊದಲು ಅದೇ ಕೊರಗರು ಕೆಸರಿನ ಕರೆಯಲ್ಲಿ ಓಡಬೇಕು. ಗದ್ದೆಯಲ್ಲಿ ಮುಳ್ಳು, ಗಾಜು ಇದ್ದರೆ ಮೊದಲು ಅವರ ಕಾಲಿಗೆ ಸಿಗಲಿ, ಬೆಲೆಬಾಳುವ ಕೋಣಗಳ ಕಾಲಿಗೆ ಬೇಡ ಎಂಬುದು ಅದರ ಹಿಂದಿನ ಲೆಕ್ಕಾಚಾರವೆಂದು ಹೇಳುತ್ತಾರೆ. ನೋಡುವವರಿಗೆ ಅದೊಂದು ವಿನೋದ, ಕೊರಗರ ಪಾಲಿಗೆ ಅದು ‘ಅಜಲು’, ಎಂದರೆ ತಲೆತಲಾಂತರದಿಂದ ಬಂದ, ಒಲ್ಲೆ ಎನ್ನಲು ಬಾರದ ಚಾಕರಿ.

ಈ ಅಜಲು ಕಂಬಳಕ್ಕೆ ಮಾತ್ರ ಸೇರಿದ್ದಾಗಿರಲಿಲ್ಲ. ರೋಗ ಕಳೆಯಲೆಂದು ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುವುದೂ ಅದರಲ್ಲಿತ್ತು. ಕರ್ನಾಟಕ ಸರಕಾರ 2000ದಲ್ಲಿ ಕೊರಗರ ಅಜಲು ಪದ್ಧತಿಯನ್ನು ನಿಷೇಧಿಸುವ ಕಾಯಿದೆ ತಂದಿತು. ಅದನ್ನು ಓದಿದರೆ ಮೈ ಜುಮ್ಮೆನ್ನುತ್ತದೆ. ಕಾಯಿದೆಯ ಭಾಷೆ ಸಾಮಾನ್ಯವಾಗಿ ಒಣ ಭಾಷೆ. ಆದರೆ ಇಲ್ಲಿ ಅಜಲು ಎಂದರೇನೆಂದು ವಿವರಿಸುವಾಗ, ಕೊರಗರನ್ನು ಕೀಳು ಮನುಷ್ಯರೆಂದು ಬೇರೆಯಾಗಿ ನಡೆಸಿಕೊಳ್ಳುವುದು, ಅನ್ನಕ್ಕೆ ಕೂದಲು, ಉಗುರು ಬೆರೆಸಿ ತಿನ್ನಿಸುವುದು ಇವುಗಳ ಜತೆಗೆ, ಕಂಬಳಕ್ಕೆ ಮುನ್ನ ಅವರನ್ನು ಕೋಣಗಳಂತೆ ಓಡಿಸುವುದನ್ನೂ ಹೆಸರಿಟ್ಟು ಸೇರಿಸಲಾಗಿದೆ. ಇಪ್ಪತ್ತೊಂದನೆಯ ಶತಮಾನ ಬಾಗಿಲಿಗೆ ಬಂದು ನಿಂತಾಗ ಒಂದು ರಾಜ್ಯ ಇಂಥದನ್ನು ಕಾಯಿದೆಯಲ್ಲಿ ಬರೆಯಬೇಕಾಯಿತು ಎಂಬುದನ್ನು ಗಮನಿಸಬೇಕು.

ಇನ್ನೂ ಒಂದು ಸಂಗತಿಯುಂಟು. 2014ರಲ್ಲಿ ಸುಪ್ರೀಂ ಕೋರ್ಟಿನ ಜಲ್ಲಿಕಟ್ಟು ತೀರ್ಪಿನ ಬಿಸಿ ಕಂಬಳಕ್ಕೂ ತಟ್ಟಿತು. ಅಲ್ಲಿಂದ 2023ರ ಮೇ ತಿಂಗಳಲ್ಲಿ ಸಂವಿಧಾನ ಪೀಠ ರಾಜ್ಯಗಳ ತಿದ್ದುಪಡಿ ಕಾಯಿದೆಗಳನ್ನು ಎತ್ತಿಹಿಡಿಯುವವರೆಗೆ, ಕೋಣಕ್ಕೆ ಹೊಡೆಯಬಹುದೇ, ಎಷ್ಟು ಓಡಿಸಬಹುದು ಎಂಬ ಚರ್ಚೆ ದಿಲ್ಲಿಯವರೆಗೆ ನಡೆಯಿತು. ಪ್ರಾಣಿದಯೆ ಬೇಕಾದದ್ದೇ. ಆದರೆ ಅದೇ ಕರೆಯಲ್ಲಿ ಕೋಣಗಳ ಮುಂದೆ ಓಡಿದ ಮನುಷ್ಯರ ವಿಷಯ ಆ ದೊಡ್ಡ ಗದ್ದಲದಲ್ಲಿ ಎಷ್ಟು ಕೇಳಿಸಿತು? 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಕ್ರಮಿಸಿದಾಗ ಪತ್ರಿಕೆಗಳು ಅವರನ್ನು ‘ಭಾರತದ ಉಸೇನ್ ಬೋಲ್ಟ್’ ಎಂದು ಕೊಂಡಾಡಿದವು. ಜಮೈಕಾದ ಕಪ್ಪು ಓಟಗಾರನ ಹೆಸರು ಇಲ್ಲಿ ಬಿರುದಾಯಿತು, ಸಂತೋಷ. ಅದೇ ಬಗೆಯ ಕೆಸರಿನಲ್ಲಿ ಹಿಂದೆ ಓಡಿದವರ ಹೊತ್ತನ್ನು ಮಾತ್ರ ಯಾರೂ ಬರೆದಿಡಲಿಲ್ಲ.

ಕೊರಗರು ಕರ್ನಾಟಕದಲ್ಲಿ 2011ರ ಜನಗಣತಿಯಂತೆ 15,000ಕ್ಕಿಂತ ತುಸು ಕಡಿಮೆ. ಬುಟ್ಟಿ ಹೆಣೆಯುವುದರಲ್ಲಿ, ಡೋಲಿನಲ್ಲಿ ನಿಪುಣರು, ಸ್ವಂತ ಭಾಷೆಯುಳ್ಳವರು. ಊರವರ ನಾಲಗೆಯಲ್ಲಿ ಈ ಕುಲದ ಹೆಸರಿಗೆ ಎರಡು ಬಾಳು. ಕೊರಗಜ್ಜನ ಕಟ್ಟೆಯ ಮುಂದೆ ಅದು ಕೈಮುಗಿಯುವ ಹೆಸರು. ಕಳೆದುಹೋದ ಚಿನ್ನ ಸಿಗಲೆಂದು, ಕಾಯಿಲೆ ಗುಣವಾಗಲೆಂದು ಎಲ್ಲ ಜಾತಿಯವರೂ ಹರಕೆ ಹೊರುತ್ತಾರೆ. ಜಗಳದಲ್ಲಿ, ಕ್ಯಾಚು ಬಿಟ್ಟ ಹುಡುಗನ ಮೇಲಿನ ಸಿಟ್ಟಿನಲ್ಲಿ ಅದೇ ಹೆಸರು ಬೈಗುಳವಾಗುತ್ತದೆ. ಇದು ಕೊರಗರಿಗೆ ಮಾತ್ರ ಆದ ಅನ್ಯಾಯವಲ್ಲ. ಕನ್ನಡದಲ್ಲಾಗಲಿ ತುಳುವಿನಲ್ಲಾಗಲಿ ಬೈಗುಳದ ದೊಡ್ಡ ಪಾಲು ಕೆಳಗೆ ತಳ್ಳಲ್ಪಟ್ಟ ಜಾತಿಗಳ ಹೆಸರುಗಳೇ. ಬೈಯುವವನಿಗೆ ಅದು ಜಾತಿ ಎಂಬುದೇ ಎಷ್ಟೋ ಸಲ ನೆನಪಿರುವುದಿಲ್ಲ. ಕೇಳಿಸಿಕೊಂಡವನಿಗೆ ನೆನಪಿರುತ್ತದೆ, ಅವನ ಶಾಲಾ ದಾಖಲೆಯಲ್ಲಿ ಅದು ಬರೆದಿರುತ್ತದೆ.

ಬೈಗುಳವೇ ಇಲ್ಲದೆ ಅವಮಾನ ಮಾಡುವ ಕಲೆಯೂ ಆಟದ ಲೋಕಕ್ಕೆ ಗೊತ್ತಿತ್ತು. 1876ರಲ್ಲಿ ಧಾರವಾಡದಲ್ಲಿ ಹುಟ್ಟಿದ ಪಲ್ವಂಕರ್ ಬಾಲೂ ದೇಶದ ಮೊದಲ ದೊಡ್ಡ ಸ್ಪಿನ್ ಬೌಲರ್. ಚಮ್ಮಾರ ಕುಲದವರು. ಪುಣೆಯಲ್ಲಿ ಅವರ ಬೌಲಿಂಗ್ ಹಿಂದೂ ತಂಡಕ್ಕೆ ಬೇಕಾಗಿತ್ತು. ಆದರೆ ಚಹಾದ ಹೊತ್ತಿಗೆ ತಂಡದವರು ಒಳಗೆ, ಬಾಲೂ ಹೊರಗೆ, ಕೈಯಲ್ಲಿ ಮಣ್ಣಿನ ಕುಡಿಕೆ. ಅವರು ಹಿಡಿದ ಚೆಂಡನ್ನು ಮುಟ್ಟಬಹುದಿತ್ತು, ಕುಡಿದ ಲೋಟವನ್ನಲ್ಲ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ 100ಕ್ಕೂ ಮಿಕ್ಕಿ ವಿಕೆಟ್ ಪಡೆದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಸಿಗಲಿಲ್ಲ. ತಮ್ಮ ವಿಠಲರ ಕಾಲಕ್ಕೆ, 1923ರಲ್ಲಿ, ಆ ಬಾಗಿಲು ತೆರೆಯಿತು. ನೂರು ವರ್ಷಗಳ ಮೇಲೆ ಲೋಟ ಹೋಗಿದೆ, ಮಾತು ಉಳಿದಿದೆ. 2021ರ ಆಗಸ್ಟಿನಲ್ಲಿ ಟೋಕಿಯೊದಲ್ಲಿ ಮಹಿಳಾ ಹಾಕಿ ತಂಡ ಸೆಮಿಫೈನಲ್ ಸೋತಾಗ, ವಂದನಾ ಕಟಾರಿಯಾ ಅವರ ಹರಿದ್ವಾರದ ಬಳಿಯ ಮನೆಯ ಮುಂದೆ ಪಟಾಕಿ ಹೊಡೆದು ಜಾತಿ ಹಿಡಿದು ಬೈದರೆಂದು ಕುಟುಂಬದವರು ದೂರಿತ್ತರು. ಅದೇ ಕೂಟದಲ್ಲಿ ದಕ್ಷಿಣ ಆಫ್ರಿಕಾದ ವಿರುದ್ಧ 3 ಗೋಲು ಹೊಡೆದವರು ಅವರು.

‘ತಮಾಷೆಗೆ ಅಂದದ್ದು’, ‘ಪ್ರೀತಿಯಿಂದ ಕರೆದದ್ದು’ ಎಂಬ ಸಮಜಾಯಿಷಿಗೆ ಬರೋಣ. ವೆಸ್ಟ್ ಇಂಡೀಸಿನ ನಾಯಕರಾಗಿದ್ದ ಡ್ಯಾರೆನ್ ಸಮಿ ಹೈದರಾಬಾದ್ ತಂಡಕ್ಕೆ ಐಪಿಎಲ್ ಆಡುತ್ತಿದ್ದಾಗ ಅವರನ್ನು ‘ಕಾಲೂ’ ಎಂದು ಕರೆಯುತ್ತಿದ್ದರು. ಬಲಿಷ್ಠ ಕುದುರೆ ಎಂಬರ್ಥವಿರಬೇಕೆಂದು ಅವರು ಭಾವಿಸಿದ್ದರು. 2020ರಲ್ಲಿ ನಿಜವಾದ ಅರ್ಥ ತಿಳಿದಾಗ ಸಿಟ್ಟಾದರು. ಹಾಗೆ ಕರೆದವರಲ್ಲೊಬ್ಬರು ಮಾತಾಡಿದ ಮೇಲೆ ಅದು ಪ್ರೀತಿಯ ಮಾತೇ ಇತ್ತೆಂದು ಒಪ್ಪಿ ಸಮಾಧಾನಗೊಂಡರು. ಅವರದ್ದು ದೊಡ್ಡ ಮನಸ್ಸು. ಈ ಕಡೆಯ ಊರುಗಳಲ್ಲಿ ಕರಿಯ ಎಂಬುದು ಅಜ್ಜನ ಕಾಲದಿಂದ ಬಂದ ಹೆಸರೂ ಹೌದು, ಗೆಳೆಯರೊಳಗಿನ ಅಡ್ಡಹೆಸರೂ ಹೌದು. ಹೆಸರಿಟ್ಟುಕೊಂಡವನಿಗೆ ಅದರ ಅರ್ಥ ಗೊತ್ತು, ಬೇಡವೆನ್ನುವ ಸಲಿಗೆಯೂ ಉಂಟು. ಸಮಿಗೆ ಆ ಎರಡೂ ಇರಲಿಲ್ಲ. ಅಷ್ಟಕ್ಕೂ ಕಪ್ಪು ಬಣ್ಣದ ತಮಾಷೆ ಈ ದೇಶದಲ್ಲಿ ಕಪ್ಪು ಬಣ್ಣದವರೇ ಶುರುಮಾಡಿದ್ದಲ್ಲ. ತಮಿಳುನಾಡಿನ ಆರಂಭಿಕ ಆಟಗಾರ ಅಭಿನವ್ ಮುಕುಂದ್ 2017ರಲ್ಲಿ, ಬಾಲ್ಯದಿಂದ ತನ್ನ ಮೈಬಣ್ಣದ ಬಗ್ಗೆ ಕೇಳಿದ ಮಾತುಗಳ ಕುರಿತು ಬಹಿರಂಗವಾಗಿ ಬರೆದದ್ದು ಇದೇ ಕಾರಣಕ್ಕೆ.

ಪದಗಳನ್ನೇ ಬದಲಾಯಿಸುವ ಪ್ರಯತ್ನಗಳೂ ನಡೆದಿವೆ. ಎಡಗೈ ಮಣಿಕಟ್ಟಿನ ಸ್ಪಿನ್ನರನನ್ನು ಕ್ರಿಕೆಟ್ ಲೋಕ ದಶಕಗಳ ಕಾಲ ‘ಚೈನಾಮನ್’ ಎನ್ನುತ್ತಿತ್ತು, ಕನ್ನಡ ಪತ್ರಿಕೆಗಳೂ ಹಾಗೆಯೇ ಬರೆದವು. 1933ರಲ್ಲಿ ಮ್ಯಾಂಚೆಸ್ಟರಿನಲ್ಲಿ ಚೀನಾ ಮೂಲದ ಟ್ರಿನಿಡಾಡ್ ಬೌಲರ್ ಎಲ್ಲಿಸ್ ಅಚಾಂಗ್‌ಗೆ ಔಟಾದ ಇಂಗ್ಲಿಷ್ ಆಟಗಾರನೊಬ್ಬ ಗೊಣಗಿದ್ದರಿಂದ ಈ ಹೆಸರು ಬಂತೆಂದು ಕತೆ. 2017ರಲ್ಲಿ ಧರ್ಮಶಾಲಾದಲ್ಲಿ ಕುಲದೀಪ್ ಯಾದವ್ ಟೆಸ್ಟ್ ಆಡತೊಡಗಿದಾಗ ಚೀನಾ ಮೂಲದ ಆಸ್ಟ್ರೇಲಿಯನ್ ಪತ್ರಕರ್ತ ಆಂಡ್ರ್ಯೂ ವು ಇದನ್ನು ಪ್ರಶ್ನಿಸಿದರು. ಮರುವರ್ಷ ವಿಸ್ಡನ್ ವಾರ್ಷಿಕ ಪುಸ್ತಕ ಆ ಪದವನ್ನು ಕೈಬಿಟ್ಟಿತು. ಕ್ರಿಕೆಟಿಗೆ ಇದರಿಂದ ಏನೂ ಲುಕ್ಸಾನಾಗಲಿಲ್ಲ. ಅಮೆರಿಕದಲ್ಲಿ ಮೂಲನಿವಾಸಿಗಳ ಮೈಬಣ್ಣವನ್ನೇ ಹೆಸರಾಗಿಸಿಕೊಂಡಿದ್ದ ವಾಷಿಂಗ್ಟನ್ನಿನ ಫುಟ್‌ಬಾಲ್ ತಂಡ 2020ರಲ್ಲಿ ಆ ಹೆಸರನ್ನು ಬಿಟ್ಟಿತು. ಆದರೆ ಮೂಲನಿವಾಸಿಗಳು ದಶಕಗಳ ಕಾಲ ಕೇಳಿದಾಗ ಬಿಡದಿದ್ದವರು, ದೊಡ್ಡ ಪ್ರಾಯೋಜಕರು ಹಣದ ಮಾತೆತ್ತಿದಾಗ ಬಿಟ್ಟರು.

ಇಲ್ಲಿ ಕಾಯಿದೆಯೂ ಇದೆ. 1989ರ ದೌರ್ಜನ್ಯ ತಡೆ ಕಾಯಿದೆಗೆ 2015ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಪರಿಶಿಷ್ಟ ಜಾತಿ, ಪಂಗಡದವರನ್ನು ಸಾರ್ವಜನಿಕರ ಕಣ್ಣೆದುರು ಜಾತಿ ಹೆಸರಿನಿಂದ ಬೈಯುವುದೇ ಅಪರಾಧ. ಆಟದ ಮೈದಾನಕ್ಕಿಂತ ಸಾರ್ವಜನಿಕರ ಕಣ್ಣೆದುರಿನ ಸ್ಥಳ ಬೇರೆ ಯಾವುದಿದೆ? ಪುತ್ತೂರು, ಸುಳ್ಯ, ಕಡಬದ ಕಡೆ ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್, ಆಟಿ ತಿಂಗಳ ಕೆಸರುಗದ್ದೆ ಕ್ರೀಡಾಕೂಟಗಳಲ್ಲಿ ಮೈಕು ಹಿಡಿದು ವೀಕ್ಷಕ ವಿವರಣೆ ಕೊಡುವವರ ಮಾತೇ ಅರ್ಧ ಆಟ. ತುಳು, ಅರೆಭಾಷೆ, ಬ್ಯಾರಿ, ಮಲಯಾಳ, ಕನ್ನಡ ಎಲ್ಲವನ್ನೂ ಬಲ್ಲ ಪ್ರೇಕ್ಷಕರನ್ನು ನಗಿಸುವುದು ಸಣ್ಣ ಕೆಲಸವಲ್ಲ. ಆಟಗಾರನ ಮೈಬಣ್ಣ, ಮನೆತನ ಹಿಡಿದು ಎಬ್ಬಿಸಿದ ನಗು ಮಾತ್ರ ಸುಲಭದ ನಗು, ಅದಕ್ಕೆ ಪ್ರತಿಭೆ ಬೇಡ.

ಅಮೆರಿಕದಲ್ಲಿ ಹೆಸರನ್ನು ಅಳಿಸಿದರೆ ನೋವು ಹೋಯಿತು, ಏಕೆಂದರೆ ಅದು ಬೇರೆಯವರು ಅಂಟಿಸಿದ ಹೆಸರು. ಕೊರಗರ ವಿಷಯ ಹಾಗಲ್ಲ, ಅದು ಅವರ ಸ್ವಂತ ಹೆಸರು. ಬೈಗುಳವಾಯಿತೆಂದು ಅವರು ಅದನ್ನು ಬಿಟ್ಟುಕೊಡಲಿಲ್ಲ. ಭೂಮಿಗಾಗಿ, ಅಜಲಿನ ವಿರುದ್ಧ ಹೋರಾಡುವಾಗ ಕಟ್ಟಿದ ಸಂಘಗಳಿಗೂ, ಆ ಸಂಘಗಳ ಒಕ್ಕೂಟಕ್ಕೂ ಇಟ್ಟದ್ದು ಕೊರಗ ಎಂಬ ಹೆಸರನ್ನೇ. ಪ್ರತಿ ವರ್ಷ ಆಗಸ್ಟ್ 18ರಂದು ಅವರು ಆಚರಿಸುವ ದಿನಕ್ಕೆ ‘ಕೊರಗರ ಭೂಮಿ ಹಬ್ಬ’ ಎನ್ನುತ್ತಾರೆ. ಆ ದಿನವೂ ಡೋಲು ಬಾರಿಸುತ್ತಾರೆ, ತಮಗಾಗಿ.